ತಲೆದಂಡದ ಬಳಿಕದ ತಂಡ: ಬೆಂಗಳೂರಿನಲ್ಲಿ ಕೋಚ್ ಹುದ್ದೆಯ ಇತಿಹಾಸ

ತಂಡವೊಂದು ಮೇಲಿಂದ ಮೇಲೆ ಸೋತಾಗ ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಕಾಣಿಸಿಕೊಳ್ಳುವ ‘ಕೋಚ್ ತಲೆದಂಡ’ ಎಂಬ ಶೀರ್ಷಿಕೆಯ ಪದ ಹಳೆಯದು. ಅಪರಾಧಕ್ಕೆ ತಲೆಯನ್ನೇ ದಂಡವಾಗಿ ತೆರಬೇಕಿದ್ದ ಅರಸೊತ್ತಿಗೆಯ ದಿನಗಳ ಆ ಮಾತು, ರಾಜಕೀಯ ವರದಿಗಳಲ್ಲಿ ಮಂತ್ರಿಗಳ ಮತ್ತು ಅಧಿಕಾರಿಗಳ ಪದಚ್ಯುತಿಯನ್ನು ಸೂಚಿಸಲು ಬಳಕೆಯಾಗಿ, ಅಲ್ಲಿಂದ ಆಟದ ಅಂಗಳಕ್ಕೆ ಬಂದಿದೆ. ಪದ ಹಳೆಯದಾದರೂ ಅದು ಹೇಳುವ ಪದ್ಧತಿ ಬೆಂಗಳೂರಿನ ಮಟ್ಟಿಗೆ ತೀರ ಈಚಿನದು. 2008ಕ್ಕೆ ಮೊದಲು ಈ ನಗರದ ತಂಡವೊಂದರ ತರಬೇತುದಾರನನ್ನು ಋತುವಿನ ನಡುವೆ ಕೈಬಿಡುವುದು, ಮರುದಿನ ಹೊಸಬನೊಬ್ಬನ ಹೆಸರನ್ನು ಸಾರುವುದು, ಆತ ಬಂದು ಆಟಗಾರರನ್ನು ಬದಲಿಸಿ ತಂಡವನ್ನು ಬುಡದಿಂದ ಕಟ್ಟುವುದು, ಇವೆಲ್ಲ ರೂಢಿಯಲ್ಲಿರಲಿಲ್ಲ. ಅದಕ್ಕೆ ಬೆಂಗಳೂರಿಗರ ತಾಳ್ಮೆ ಕಾರಣವಾಗಿರದೆ, ಹಾಗೆ ವಜಾ ಮಾಡಬಹುದಾದ ಹುದ್ದೆಯೇ ಇಲ್ಲಿ ಇಲ್ಲದಿದ್ದುದು ಕಾರಣವಾಗಿತ್ತು. ಆ ಹುದ್ದೆ ಹೇಗೆ ಹುಟ್ಟಿತು, ಅದರಲ್ಲಿ ಕುಳಿತವರನ್ನು ಎಬ್ಬಿಸುವ ಪದ್ಧತಿ ಎಲ್ಲಿಂದ ಬಂತು, ಎಬ್ಬಿಸಿದ ಮೇಲೆ ತಂಡಗಳು ನಿಜವಾಗಿ ಮರಳಿ ಕಟ್ಟಿಕೊಂಡವೇ ಎಂಬುದು ಈ ಪ್ರಬಂಧದ ವಿಷಯ.

ಬೆಂಗಳೂರಿನ ಫುಟ್‌ಬಾಲ್ ದಂಡುಪ್ರದೇಶದಲ್ಲಿ, ಅಂದರೆ ಬ್ರಿಟಿಷ್ ಸೇನೆ ನೆಲೆಸಿದ್ದ ಕಂಟೋನ್ಮೆಂಟಿನಲ್ಲಿ, ಸೈನಿಕರ ಆಟವಾಗಿ ಬೇರೂರಿ, ಅದರ ಸುತ್ತಲಿನ ಆಸ್ಟಿನ್ ಟೌನ್, ಗೌತಮಪುರ, ಹಲಸೂರುಗಳ ಬೀದಿಗಳಿಗೆ ಇಳಿದು, ದುಡಿಯುವ ಜನರ ಮನೆಗಳಿಂದ ಆಟಗಾರರನ್ನು ಪಡೆಯಿತು. ಆ ಕಾಲದ ಬೆಂಗಳೂರಿನ ತಂಡಗಳಲ್ಲಿ ಅತ್ಯಂತ ಪ್ರಸಿದ್ಧವಾದ ಬೆಂಗಳೂರು ಮುಸ್ಲಿಮ್ಸ್, 1891ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ದಶಕಗಳ ಕಾಲ ಸೇನಾ ತಂಡಗಳ ಸ್ವತ್ತಾಗಿಯೇ ಇದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, ಆ ಟ್ರೋಫಿಯನ್ನು ಎತ್ತಿದ ಮೊದಲ ಭಾರತೀಯ ನಾಗರಿಕ ತಂಡವಾಯಿತು, ಮರುವರ್ಷವೂ ಗೆದ್ದಿತು. ಇಂಥ ಕ್ಲಬ್ಬುಗಳಲ್ಲಿ ಹನ್ನೊಂದು ಜನರನ್ನು ಆರಿಸುತ್ತಿದ್ದುದು ಕಾರ್ಯದರ್ಶಿ, ನಾಯಕ ಮತ್ತು ಕೆಲವು ಹಿರಿಯ ಸದಸ್ಯರ ಸಮಿತಿ. ಆಟವನ್ನು ಕಲಿಸುವ ಹಿರಿಯರು ಇದ್ದರಾದರೂ, ಅವರಿಗೂ ಕಲಿಯುವವರಿಗೂ ಇದ್ದ ಸಂಬಂಧ ಹಳೆಯ ಮೈಸೂರಿನ ಗರಡಿಮನೆಯ ಉಸ್ತಾದರದ್ದಕ್ಕೆ ಹತ್ತಿರವಾದುದಾಗಿತ್ತು. ಗರಡಿಯಲ್ಲಿ ಪೈಲ್ವಾನನೊಬ್ಬ ಸೋತರೆ ಉಸ್ತಾದರನ್ನು ಬದಲಿಸುವ ಪ್ರಶ್ನೆ ಬರುವುದಿಲ್ಲ; ಶಿಷ್ಯ ಬೇಕಾದರೆ ಬೇರೆ ಗರಡಿಗೆ ಹೋಗಬಹುದು, ಗುರು ಮಾತ್ರ ತನ್ನ ಕೆಮ್ಮಣ್ಣಿನ ಅಂಗಳ ಬಿಟ್ಟು ಕದಲುವವನಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಮತ್ತು ಧನರಾಜ್ ಕಲ್ಕತ್ತೆಗೆ ಹೋಗಿ, ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಮುನ್ಪಡೆ ಆಟಗಾರರಿಗೆ ಅಲ್ಲಿನ ಅಭಿಮಾನಿಗಳು ಪ್ರೀತಿಯಿಂದ ಇಟ್ಟ ‘ಪಂಚಪಾಂಡವರು’ ಎಂಬ ಹೆಸರಿನಲ್ಲಿ ಸೇರಿಹೋದರು. ಬರಿಗಾಲಲ್ಲಿ ಆಡಿದವರೇ ಹೆಚ್ಚಾಗಿದ್ದ ಆ ಒಲಿಂಪಿಕ್ ತಂಡವು ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿತ್ತು. ಹಾಗಿದ್ದರೂ ಸೋಲಿನ ಹೊಣೆಯನ್ನು ಕೋಚ್ ಬಲಾಯ್‌ದಾಸ್ ಚಟರ್ಜಿ ಅವರೊಬ್ಬರ ಮೇಲೆ ಹೊರಿಸಿದ ನೆನಪು ಯಾರಿಗೂ ಉಳಿದಿಲ್ಲ. ಅನಂತರ ಭಾರತದ ತಂಡವನ್ನು ಕಟ್ಟಿದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲಾ ಶಿಕ್ಷಕರು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ ಅವರ ಕಾಲದ್ದು; 1962ರ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಮ್ ಇದ್ದರು. ಎರಡು ಚಿನ್ನಗಳ ನಡುವೆ ಸೋಲುಗಳಿಗೇನೂ ಕೊರತೆ ಇರಲಿಲ್ಲ, ಆದರೂ ರಹೀಮ್ ಅವರ ಕೆಲಸ ನಿಂತದ್ದು 1963ರಲ್ಲಿ ಕ್ಯಾನ್ಸರ್ ಅವರನ್ನು ಒಯ್ದಾಗಲೇ. ಅದೇ ಅವಧಿಯಲ್ಲಿ ಮೈಸೂರು ರಾಜ್ಯದ ತಂಡ, ರಾಜ್ಯಗಳ ನಡುವಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು 1946–47, 1952–53, 1967–68 ಮತ್ತು 1968–69ರಲ್ಲಿ ಹೀಗೆ ನಾಲ್ಕು ಬಾರಿ ಗೆದ್ದುಕೊಂಡಿತು.

ಸ್ವಾತಂತ್ರ್ಯಾನಂತರ ಆಟಗಾರನ ಹೊಟ್ಟೆಪಾಡನ್ನು ಕ್ಲಬ್ಬುಗಳಿಂದ ಕಾರ್ಖಾನೆಗಳು ವಹಿಸಿಕೊಂಡವು. ನಗರದ ಉತ್ತರಕ್ಕೆ, ಯಶವಂತಪುರದ ಆಚೆಗೆ, ಜಾಲಹಳ್ಳಿಯ ಬಯಲಿನಲ್ಲಿ 1953ರಲ್ಲಿ ಎಚ್‌ಎಂಟಿಯೂ 1954ರಲ್ಲಿ ಬಿಇಎಲ್ಲೂ ಹುಟ್ಟಿಕೊಂಡದ್ದು, 1984ರಲ್ಲಿ ಯಲಹಂಕದಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಆರಂಭವಾದದ್ದು, ಪೂರ್ವದಲ್ಲಿ ಎಚ್‌ಎಎಲ್ ಮತ್ತು ದೂರವಾಣಿನಗರದ ಐಟಿಐ ಬೆಳೆದದ್ದು ಕೇವಲ ಕೈಗಾರಿಕೆಯ ಚರಿತ್ರೆಯಾಗಿ ಉಳಿಯಲಿಲ್ಲ. ಈ ಸಾರ್ವಜನಿಕ ಉದ್ದಿಮೆಗಳು ಕಾರ್ಮಿಕರಿಗೆ ಕಾಲೊನಿ, ಶಾಲೆ, ಆಸ್ಪತ್ರೆಗಳ ಜೊತೆಗೆ ಮೈದಾನವನ್ನೂ ಕೊಟ್ಟವು. ಒಳ್ಳೆಯ ಆಟಗಾರರಿಗೆ ಕ್ರೀಡಾ ಕೋಟಾದಲ್ಲಿ, ಅಂದರೆ ಆಟದ ಅರ್ಹತೆಯ ಮೇಲೆ ಕಾಯ್ದಿರಿಸಿದ ಹುದ್ದೆಗಳಲ್ಲಿ, ಕಾಯಂ ನೌಕರಿಯನ್ನೂ ಕೊಟ್ಟವು. ಬೆಂಗಳೂರಿನ ಲೀಗಿನಲ್ಲಿ ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಬಿಇಎಂಎಲ್ ಮುಂತಾದ ಹೆಸರುಗಳು ತಲೆಮಾರುಗಳ ಕಾಲ ಕ್ಲಬ್ಬಿನ ಹೆಸರುಗಳಾಗಿಯೇ ಜನರ ಬಾಯಲ್ಲಿ ಉಳಿದವು.

ಈ ವ್ಯವಸ್ಥೆಯಲ್ಲಿ ಕೋಚ್ ಆಗುತ್ತಿದ್ದವನು ಸಾಮಾನ್ಯವಾಗಿ ಅದೇ ತಂಡದ ಮಾಜಿ ಆಟಗಾರ, ಅದೇ ಸಂಸ್ಥೆಯ ನೌಕರ. ಬೆಳಿಗ್ಗೆ ವಿಭಾಗದಲ್ಲಿ ಹಾಜರಿ ಹಾಕಿ, ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆಂದು ಸಿಕ್ಕ ಬಿಡುವಿನಲ್ಲಿ ಮೈದಾನಕ್ಕೆ ಬರುವ ಆತನಿಗೆ ತರಬೇತಿಯು ಹೆಚ್ಚುವರಿ ಜವಾಬ್ದಾರಿಯಾಗಿತ್ತು. ಸಂಬಳ, ಬಡ್ತಿ, ಭವಿಷ್ಯನಿಧಿ, ನಿವೃತ್ತಿಯ ವಯಸ್ಸು ಎಲ್ಲವೂ ಕಾರ್ಖಾನೆಯ ನಿಯಮಕ್ಕೆ ಸೇರಿದವು. ತಂಡ ಎಷ್ಟೇ ಸೋತರೂ ಆತನಿಗೆ ಆಗಬಹುದಾಗಿದ್ದ ದೊಡ್ಡ ಶಿಕ್ಷೆಯೆಂದರೆ ಆ ಹೆಚ್ಚುವರಿ ಜವಾಬ್ದಾರಿಯಿಂದ ಬಿಡುಗಡೆಯಾಗಿ ಮೇಜಿಗೋ ಯಂತ್ರಕ್ಕೋ ಪೂರ್ಣಾವಧಿಗೆ ಮರಳುವುದು. ತಂಡ ಕಟ್ಟುವ ವೇಗವೂ ಇದಕ್ಕೆ ತಕ್ಕಂತೆಯೇ ಇತ್ತು: ಹಳಬರು ಕಾಲು ಸೋತು ಆಟ ಬಿಟ್ಟಾಗ, ಹೊಸ ನೇಮಕಾತಿಗೆ ಮಂಜೂರಾತಿ ಬಂದಾಗ, ಸ್ಟೈಪೆಂಡ್ ಮೇಲೆ ತೆಗೆದುಕೊಂಡ ಹುಡುಗರು ಹದವಾದಾಗ, ಹೀಗೆ ಐದಾರು ವರ್ಷಗಳಿಗೊಮ್ಮೆ ತಂಡ ತಾನಾಗಿ ಪೊರೆ ಕಳಚುತ್ತಿತ್ತು. ಈ ನಿಧಾನದಲ್ಲಿ ಜಡತೆಯೂ ಇತ್ತು, ಭದ್ರತೆಯೂ ಇತ್ತು, ಮತ್ತು ಒಂದು ದೊಡ್ಡ ಗುಣವಿತ್ತು: ತಂಡದ ನೆನಪು ಎಲ್ಲಿಯೂ ಕಡಿದುಹೋಗುತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಮೈದಾನದಲ್ಲಿ ನಿಂತವನಿಗೆ ಯಾವ ಬಡಾವಣೆಯ ಯಾವ ಹುಡುಗನ ಎಡಗಾಲು ಚುರುಕು ಎಂಬುದು ಕಡತವಿಲ್ಲದೆ ತಿಳಿದಿರುತ್ತಿತ್ತು.

1991ರ ಆರ್ಥಿಕ ಉದಾರೀಕರಣದ ಬಳಿಕ ಸಾರ್ವಜನಿಕ ಉದ್ದಿಮೆಗಳ ನೇಮಕಾತಿ ಕುಗ್ಗಿದಂತೆ ಈ ವ್ಯವಸ್ಥೆಯ ಬೇರೂ ಒಣಗತೊಡಗಿತು. ಐಟಿಐ, ಎಚ್‌ಎಎಲ್ ತಂಡಗಳು 1996ರಲ್ಲಿ ಆರಂಭವಾದ ರಾಷ್ಟ್ರೀಯ ಲೀಗಿನಲ್ಲಿ ಆಡಿದವಾದರೂ, ಗೋವಾ ಮತ್ತು ಕಲ್ಕತ್ತೆಯ ಹಣವಂತ ಕ್ಲಬ್ಬುಗಳ ಎದುರು ಬಹಳ ಕಾಲ ನಿಲ್ಲಲಾಗಲಿಲ್ಲ. ಕೊನೆಯದಾಗಿ ಎಚ್‌ಎಎಲ್ 2010–11 ಮತ್ತು 2011–12ರ ಐ-ಲೀಗ್‌ಗಳಲ್ಲಿ ಆಡಿ, ಎರಡನೆಯ ವರ್ಷ ಕೆಳಗಿನ ದರ್ಜೆಗೆ ಇಳಿಯಿತು. ಪಟ್ಟಿಯ ತಳದಲ್ಲಿ ಉಳಿದ ತಂಡ ಮುಂದಿನ ವರ್ಷ ಕೆಳಹಂತದ ಲೀಗಿನಲ್ಲಿ ಆಡಬೇಕಾದ ಈ ನಿಯಮಕ್ಕೆ ಹಿಂಬಡ್ತಿ ಎನ್ನುತ್ತಾರೆ. ಅದರ ಮರುವರ್ಷ ದೇಶದ ಅಗ್ರ ಲೀಗಿನಲ್ಲಿ ಬೆಂಗಳೂರಿನ ಒಂದು ತಂಡವೂ ಇರಲಿಲ್ಲ.

ಕೋಚ್‌ನನ್ನು ವಜಾ ಮಾಡಿ ತಂಡವನ್ನು ಕಟ್ಟುವ ಪದ್ಧತಿಯು ಒಂದು ಶಾಸ್ತ್ರವೆಂಬಂತೆ ಬೆಳೆದ ನಾಡು ಅಮೆರಿಕ, ಅದರಲ್ಲಿಯೂ ಅಲ್ಲಿನ ವೃತ್ತಿಪರ ಫುಟ್‌ಬಾಲ್; ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆ ಆಟಕ್ಕೂ ನಮ್ಮ ಕಾಲ್ಚೆಂಡಿಗೂ ಹೆಸರಿನಲ್ಲಷ್ಟೇ ಸಾಮ್ಯ. ಅಲ್ಲಿನ ನ್ಯಾಷನಲ್ ಫುಟ್‌ಬಾಲ್ ಲೀಗ್ ಫ್ರಾಂಚೈಸಿಗಳ ಕೂಟ, ಅಂದರೆ ಲೀಗಿನಲ್ಲಿ ಆಡುವ ಹಕ್ಕನ್ನೇ ಹಣ ಕೊಟ್ಟು ಪಡೆದ ಮಾಲೀಕರ ಕೂಟ. ಅಲ್ಲಿ ಹಿಂಬಡ್ತಿ ಇಲ್ಲ. ಎಷ್ಟು ಸೋತರೂ ಮಾಲೀಕನ ಸ್ಥಾನ ಅಲುಗದ ಕಾರಣ, ಸೋಲಿಗೆ ಜನರ ಕಣ್ಣಿಗೆ ಕಾಣುವ ಶಿಕ್ಷೆ ಬೇಕೆಂದಾಗ ಅದು ಕೋಚ್‌ನ ಕೊರಳಿಗೇ ಬರುತ್ತದೆ. ಲೀಗ್ ಹಂತದ ಪಂದ್ಯಗಳು ಮುಗಿದ ಮರುದಿನ ಹಲವು ಕೋಚ್‌ಗಳು ಒಟ್ಟಿಗೆ ಕೆಲಸ ಕಳೆದುಕೊಳ್ಳುವುದು ಅಲ್ಲಿ ಎಷ್ಟು ಮಾಮೂಲೆಂದರೆ ಆ ದಿನಕ್ಕೆ ‘ಕರಾಳ ಸೋಮವಾರ’ ಎಂಬ ಹೆಸರೇ ನಿಂತಿದೆ. ತಂಡ ಕಟ್ಟುವ ಸಾಧನವನ್ನೂ ಲೀಗೇ ಒದಗಿಸುತ್ತದೆ: 1936ರಿಂದ ನಡೆಯುತ್ತಿರುವ ಡ್ರಾಫ್ಟ್ ಎಂಬ ಆಯ್ಕೆಕೂಟದಲ್ಲಿ, ಕಾಲೇಜುಗಳಿಂದ ಹೊರಬರುವ ಹೊಸ ಆಟಗಾರರಲ್ಲಿ ಮೊದಲು ಆರಿಸಿಕೊಳ್ಳುವ ಹಕ್ಕು ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಸಿಗುತ್ತದೆ.

ಆ ಚರಿತ್ರೆಯ ಎರಡು ಉದಾಹರಣೆಗಳು ಬೆಂಗಳೂರಿನ ಕಥೆಯನ್ನು ಅರಿಯಲು ನೆರವಾಗುತ್ತವೆ. ಡಲ್ಲಾಸ್ ಕೌಬಾಯ್ಸ್ ತಂಡವನ್ನು ಅದರ ಹುಟ್ಟಿನಿಂದ, ಒಂದೂ ಗೆಲುವಿಲ್ಲದ 1960ರ ಮೊದಲ ಋತುವಿನಿಂದ, 29 ವರ್ಷ ನಡೆಸಿದ ಟಾಮ್ ಲ್ಯಾಂಡ್ರಿ ಅವರನ್ನು 1989ರಲ್ಲಿ ಹೊಸ ಮಾಲೀಕ ಜೆರಿ ಜೋನ್ಸ್ ತಂಡ ಕೊಂಡ ಕೂಡಲೇ ತೆಗೆದುಹಾಕಿದರು. ಹೊಸ ಕೋಚ್ ಜಿಮ್ಮಿ ಜಾನ್ಸನ್ ಅವರ ಮೊದಲ ವರ್ಷ ತಂಡ 16ರಲ್ಲಿ 15 ಪಂದ್ಯ ಸೋತಿತು. ಆದರೆ ಅದೇ ವರ್ಷ ಅವರು ತಂಡದ ಅತ್ಯುತ್ತಮ ಓಟಗಾರ ಹರ್ಷೆಲ್ ವಾಕರ್ ಅವರನ್ನು ಮಿನೆಸೋಟಕ್ಕೆ ಬಿಟ್ಟುಕೊಟ್ಟು, ಬದಲಿಗೆ ಹಲವು ವರ್ಷಗಳ ಡ್ರಾಫ್ಟ್ ಹಕ್ಕುಗಳನ್ನು ಪಡೆದು, ಅವುಗಳಿಂದ ಎಳೆಯರ ತಂಡ ಕಟ್ಟಿ 1992 ಮತ್ತು 1993ರ ಋತುಗಳ ಪ್ರಶಸ್ತಿ ಗೆದ್ದರು. ಇನ್ನೊಂದು ಕಡೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ 1969ರಲ್ಲಿ ನೇಮಿಸಿಕೊಂಡ ಚಕ್ ನೋಲ್ ಮೊದಲ ವರ್ಷ 14ರಲ್ಲಿ 13 ಪಂದ್ಯ ಸೋತರೂ ಅವರನ್ನು ಉಳಿಸಿಕೊಂಡು, ವರ್ಷಕ್ಕಿಷ್ಟು ಎಂದು ಡ್ರಾಫ್ಟಿನಲ್ಲಿ ಆಟಗಾರರನ್ನು ಕೂಡಿಹಾಕಿ, 1974ರಿಂದ 1979ರ ಋತುಗಳ ನಡುವೆ ನಾಲ್ಕು ಬಾರಿ ಚಾಂಪಿಯನ್ ಆಯಿತು. 1969ರಿಂದ 2024ರವರೆಗಿನ ಐದೂವರೆ ದಶಕಗಳಲ್ಲಿ ಆ ತಂಡ ಕಂಡ ಮುಖ್ಯ ಕೋಚ್‌ಗಳು ಮೂವರೇ. ದಾರಿಗಳು ಬೇರೆಯಾದರೂ ಎರಡೂ ಕಡೆ ಗೆಲುವನ್ನು ತಂದದ್ದು ಕೆಳಗಿನಿಂದ ಬಂದ ಎಳೆಯ ಆಟಗಾರರು ಮತ್ತು ಅವರು ಹದವಾಗಲು ಸಿಕ್ಕ ಮೂರು ನಾಲ್ಕು ವರ್ಷಗಳು. ವಜಾ ಮಾಡುವುದು ಒಂದು ದಿನದ ಕೆಲಸ. ಅಮೆರಿಕದಿಂದ ಜಗತ್ತು ಆ ಒಂದು ದಿನವನ್ನು ಬೇಗ ಕಲಿತುಕೊಂಡಿತು.

ಬೆಂಗಳೂರಿಗೆ ಆ ದಿನ ಬಂದದ್ದು ಕ್ರಿಕೆಟ್ ಮೂಲಕ. 2008ರ ಮೊದಲ ಐಪಿಎಲ್‌ನಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ರಾಯಲ್ ಚಾಲೆಂಜರ್ಸ್ 14 ಪಂದ್ಯಗಳಲ್ಲಿ ನಾಲ್ಕನ್ನಷ್ಟೇ ಗೆದ್ದು ಎಂಟು ತಂಡಗಳಲ್ಲಿ ಏಳನೆಯದಾಯಿತು. ಟೂರ್ನಿಯ ನಡುವೆಯೇ ತಂಡದ ಸಿಇಒ ಚಾರು ಶರ್ಮಾ ಹುದ್ದೆ ತೊರೆಯಬೇಕಾಯಿತು, ಮುಂದಿನ ವರ್ಷ ಕೋಚ್ ವೆಂಕಟೇಶ್ ಪ್ರಸಾದ್ ಅವರ ಜಾಗಕ್ಕೆ ದಕ್ಷಿಣ ಆಫ್ರಿಕಾದ ರೇ ಜೆನಿಂಗ್ಸ್ ಬಂದರು. ದ್ರಾವಿಡ್, ಕುಂಬ್ಳೆ, ಪ್ರಸಾದ್ ಅವರಂಥವರನ್ನು ಕ್ಲಬ್ ಕ್ರಿಕೆಟಿನ ನಿಧಾನಗತಿಯಲ್ಲಿ ಬೆಳೆಸಿದ ಊರಿಗೆ ಇದು ಬೆಚ್ಚಿಬೀಳಿಸುವ ಅನುಭವವಾಗಿತ್ತು. ಆಮೇಲೆ ಡೇನಿಯಲ್ ವೆಟ್ಟೋರಿ, ಗ್ಯಾರಿ ಕರ್ಸ್ಟನ್, ಸೈಮನ್ ಕ್ಯಾಟಿಚ್, ಸಂಜಯ್ ಬಾಂಗರ್ ಒಬ್ಬರ ಬಳಿಕ ಒಬ್ಬರಾಗಿ ಬಂದು ಹೋದರು; 2009, 2011, 2016ರ ಫೈನಲ್‌ಗಳು ಕೈತಪ್ಪಿದವು. 2023ರ ಆಗಸ್ಟಿನಲ್ಲಿ ಬಂದ ಆ್ಯಂಡಿ ಫ್ಲವರ್ ಅವರ ಮೊದಲ ಋತುವಿನಲ್ಲಿ ತಂಡ ಮೊದಲ ಎಂಟರಲ್ಲಿ ಏಳು ಪಂದ್ಯ ಸೋತಾಗ, ಹಳೆಯ ರೂಢಿಯಂತಾದರೆ ತಲೆದಂಡದ ಸುದ್ದಿ ಬರಬೇಕಾಗಿತ್ತು. ಅದು ಬರಲಿಲ್ಲ; ತಂಡ ಸತತ ಆರು ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. 2024ರ ನವೆಂಬರಿನ ಮೆಗಾ ಹರಾಜಿಗೆ, ಎಂದರೆ ಕೆಲವರನ್ನಷ್ಟೇ ಉಳಿಸಿಕೊಂಡು ಇಡೀ ತಂಡವನ್ನು ಹೊಸದಾಗಿ ಕೊಳ್ಳಬೇಕಾದ ಹರಾಜಿಗೆ, ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಮೂವರನ್ನು ಇಟ್ಟುಕೊಂಡು ಹೋದ ತಂಡ, 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್‌ಗಳಿಂದ ಸೋಲಿಸಿ 18ನೆಯ ಋತುವಿನಲ್ಲಿ ಮೊದಲ ಬಾರಿ ಚಾಂಪಿಯನ್ ಆಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡದ್ದರಿಂದ, ಆ ಗೆಲುವಿನ ಚರಿತ್ರೆಯನ್ನು ಬರೆಯುವವರು ಯಾರೇ ಆದರೂ ಆ ಸಾವುಗಳನ್ನು ಬಿಟ್ಟು ಬರೆಯಲಾಗದು.

ಪದ್ಧತಿಯ ಒಳಹೊರಗುಗಳನ್ನು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಮಾತ್ರ ಕ್ರಿಕೆಟಿನದಲ್ಲ, 2013ರ ಜುಲೈಯಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಹುಟ್ಟುಹಾಕಿದ ಬೆಂಗಳೂರು ಎಫ್‌ಸಿಯದು. ಎಚ್‌ಎಎಲ್ ಖಾಲಿ ಬಿಟ್ಟ ಜಾಗಕ್ಕೆ ನೇರ ಪ್ರವೇಶ ಪಡೆದ ಈ ಕ್ಲಬ್ಬಿಗೆ ಹಿಂದಿನ ಋಣವೂ ಇರಲಿಲ್ಲ, ನೆನಪೂ ಇರಲಿಲ್ಲ. ಮೊದಲ ಕೋಚ್ ಆ್ಯಶ್ಲಿ ವೆಸ್ಟ್‌ವುಡ್, ಸುನಿಲ್ ಚೆಟ್ರಿ ಅವರನ್ನು ನಾಯಕನನ್ನಾಗಿಸಿ, ಬೇರೆ ಕ್ಲಬ್ಬುಗಳಲ್ಲಿ ಬದಿಗೆ ಸರಿಸಲ್ಪಟ್ಟಿದ್ದವರನ್ನೂ ಎಳೆಯರನ್ನೂ ಸೇರಿಸಿ, ಆಹಾರ, ನಿದ್ದೆ, ವಿಶ್ರಾಂತಿಗಳವರೆಗೆ ವೃತ್ತಿಪರ ಶಿಸ್ತನ್ನು ತಂದು, 2013–14ರ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದರು. 2015–16ರಲ್ಲಿ ಅದನ್ನು ಮತ್ತೊಮ್ಮೆ ಗೆದ್ದು, ಒಪ್ಪಂದ ಮುಗಿಸಿ ಹೊರಟರು. ಅವರ ಬಳಿಕ ಬಂದ ಸ್ಪೇನಿನ ಆಲ್ಬರ್ಟ್ ರೊಕಾ ಅದೇ ವರ್ಷದ ನವೆಂಬರಿನಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು; ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಆ ಹಂತ ತಲುಪಿರಲಿಲ್ಲ. ರೊಕಾ 2018ರಲ್ಲಿ ಹೋದಾಗ ಕ್ಲಬ್ಬು ಹೊರಗೆ ಹುಡುಕದೆ ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಕುರ್ಚಿಯಲ್ಲಿ ಕೂರಿಸಿತು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ, ಪೆನಾಲ್ಟಿಗೆ ಇನ್ನು ಮೂರೇ ನಿಮಿಷವಿದೆ ಎನ್ನುವಾಗ ಮೂಲೆಯಿಂದ ತೇಲಿಬಂದ ಚೆಂಡಿಗೆ ರಾಹುಲ್ ಭೆಕೆ ತಲೆಕೊಟ್ಟದ್ದು, ಗೋವಾದ ಬಲೆ ಅಲುಗಿದ್ದು, ಆರು ವರ್ಷಗಳ ಅಖಂಡ ಬೆಳವಣಿಗೆಯ ತುದಿಯಾಗಿತ್ತು. ಈ ಆರು ವರ್ಷಗಳಲ್ಲಿ ಮೂವರು ಕೋಚ್‌ಗಳು ಬಂದರೂ ಒಬ್ಬರನ್ನೂ ವಜಾ ಮಾಡಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಮೊದಲ ತಲೆದಂಡ ನಡೆದದ್ದು ಪ್ರೇಕ್ಷಕರಿಲ್ಲದ ವರ್ಷದಲ್ಲಿ. ಕೋವಿಡ್ ಕಾರಣದಿಂದ ಇಡೀ ಲೀಗ್ ಗೋವಾದ ಮುಚ್ಚಿದ ಕ್ರೀಡಾಂಗಣಗಳಲ್ಲಿ ನಡೆದ 2020–21ರ ಋತುವಿನಲ್ಲಿ ತಂಡ ಸತತ ಮೂರು ಪಂದ್ಯ ಸೋತಿತು. ಮೂರನೆಯ ಸೋಲಿನ ಮರುದಿನ, 2021ರ ಜನವರಿ 6ರಂದು, ಕ್ವಾದ್ರಾತ್ ಮತ್ತು ಕ್ಲಬ್ಬು ‘ಪರಸ್ಪರ ಒಪ್ಪಿಗೆಯಿಂದ’ ಬೇರೆಯಾದವು. ವೃತ್ತಿಪರ ಕ್ರೀಡೆಯ ಈ ನುಡಿಗಟ್ಟಿಗೆ ಕಾನೂನಿನ ಅರ್ಥವಿದೆ: ಅವಧಿಗೆ ಮುನ್ನ ಒಪ್ಪಂದ ಮುರಿದರೆ ಉಳಿದ ಅವಧಿಯ ಸಂಬಳದ ಲೆಕ್ಕ ತೀರಬೇಕು, ಆ ಲೆಕ್ಕವನ್ನು ಇಬ್ಬರೂ ಕೂತು ತೀರಿಸಿಕೊಂಡರೆ ಅದು ಒಪ್ಪಿಗೆ, ಕ್ಲಬ್ಬು ಏಕಪಕ್ಷೀಯವಾಗಿ ಕೊನೆಗೊಳಿಸಿದರೆ ಅದು ವಜಾ. ಕ್ವಾದ್ರಾತ್ ಅವರ ಜಾಗದಲ್ಲಿ ಮೀಸಲು ತಂಡದ ಕೋಚ್ ನೌಷಾದ್ ಮೂಸಾ ಹಂಗಾಮಿಯಾಗಿ ನಿಂತು, ಋತು ಮುಗಿಯುವವರೆಗೆ ಹೊರೆ ಹೊತ್ತರು. ಹಂಗಾಮಿ ಕೋಚ್‌ನ ಪಾಡು ನಿಜಕ್ಕೂ ಕಠಿಣವಾದುದು. ಬೇರೊಬ್ಬರು ಕಟ್ಟಿದ ತಂಡ, ಬೇರೊಬ್ಬರು ಗುರುತು ಹಾಕಿದ ಆಟಗಾರರು, ಮುಂದಿನ ವರ್ಷ ಬೇರೊಬ್ಬರಿಗೆ ಹೋಗುವ ಫಲ, ನಡುವೆ ದಿನದಿನದ ಅಭ್ಯಾಸದ ಜವಾಬ್ದಾರಿ ಮಾತ್ರ ಆತನದು. ತಂಡ ಏಳನೆಯ ಸ್ಥಾನದಲ್ಲಿ ನಿಂತು, ಮೊದಲ ಸಲ ಪ್ಲೇಆಫ್‌ನಿಂದ ಹೊರಗುಳಿಯಿತು.

ಆಮೇಲೆ ಬಂದ ಜರ್ಮನಿಯ ಮಾರ್ಕೊ ಪೆಜ್ಜಾಯುವೊಲಿ ಒಂದು ಋತು ನಡೆಸಿ ಆರನೆಯ ಸ್ಥಾನ ತಂದು ಹೊರಟರು. 2022ರಲ್ಲಿ ನೇಮಕವಾದ ಇಂಗ್ಲೆಂಡಿನ ಸೈಮನ್ ಗ್ರೇಸನ್ ಕೆಲವೇ ತಿಂಗಳಲ್ಲಿ ಡ್ಯುರಾಂಡ್ ಕಪ್ ಗೆದ್ದುಕೊಟ್ಟರು. ಅವರ ಮೊದಲ ಲೀಗ್ ಋತುವಿನಲ್ಲಿ ತಂಡ ಮೊದಲು ಮುಗ್ಗರಿಸಿ, ಕೊನೆಯ ಎಂಟು ಲೀಗ್ ಪಂದ್ಯಗಳನ್ನೂ ಗೆದ್ದು, 2023ರ ಮಾರ್ಚ್ 18ರ ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲಷ್ಟೇ ಸೋತಿತು. ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಗೆ, ಸಂದೇಶ್ ಜಿಂಗನ್ ಗೋವಾಗೆ ಹೋದರು. ಮುನ್ಪಡೆ ಮತ್ತು ರಕ್ಷಣೆಯ ಎರಡು ಕಂಬಗಳು ಒಟ್ಟಿಗೆ ಕಳಚಿದ ತಂಡದಿಂದ ಚೆಟ್ರಿ ಕೂಡ ಋತುವಿನ ಆರಂಭದಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆಂದು ಚೀನಾಕ್ಕೆ ತೆರಳಿದರು. ಮೊದಲ ಒಂಬತ್ತು ಪಂದ್ಯಗಳಲ್ಲಿ ಸಿಕ್ಕದ್ದು ಒಂದೇ ಗೆಲುವು. 2023ರ ಡಿಸೆಂಬರ್ 8ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ, ತಮ್ಮದೇ ಜನರ ಮುಂದೆ, ಮುಂಬಯಿ ಸಿಟಿ ಎದುರು ತಂಡ 0–4ರಿಂದ ಸೋತಿತು. ಮರುದಿನ ಗ್ರೇಸನ್ ಕ್ಲಬ್ಬಿನಲ್ಲಿರಲಿಲ್ಲ. ಒಂಬತ್ತು ತಿಂಗಳ ಹಿಂದೆ ಫೈನಲ್‌ನ ಕೊನೆಯ ಒದೆತದವರೆಗೆ ತಂಡವನ್ನು ಒಯ್ದಿದ್ದ ಕೋಚ್ ತನ್ನ ಕೆಲಸವನ್ನು ಅಷ್ಟು ಬೇಗ ಮರೆತಿದ್ದರೆಂದು ನಂಬುವುದು ಕಷ್ಟ. ಆ ರಾತ್ರಿ ಮೈದಾನದಲ್ಲಿ ಕಂಡದ್ದು, ಬೇಸಿಗೆಯಲ್ಲಿ ಖಾಲಿಯಾಗಿ ತುಂಬದೆ ಉಳಿದ ಜಾಗಗಳು.

ಗ್ರೇಸನ್ ಬಳಿಕ ಕ್ಲಬ್ಬು ಮಾಡಿದ ಆಯ್ಕೆ ಅರ್ಥಪೂರ್ಣವಾದುದು. ಹೊಸ ಕೋಚ್ ಜೆರಾರ್ಡ್ ಸರಗೋಸಾ, 2018–19ರ ಚಾಂಪಿಯನ್ ತಂಡದಲ್ಲಿ ಕ್ವಾದ್ರಾತ್ ಅವರಿಗೆ ಸಹಾಯಕರಾಗಿದ್ದವರು. ಋತುವಿನ ನಡುವೆ ಬಂದ ಅವರಿಂದಲೂ ಪಟ್ಟಿಯ ಸ್ಥಾನವನ್ನು ತಕ್ಷಣ ಮೇಲೆತ್ತಲಾಗಲಿಲ್ಲ; ತಂಡ ಹನ್ನೆರಡರಲ್ಲಿ ಹತ್ತನೆಯದಾಗಿ ಮುಗಿಸಿತು. ಈ ಬಾರಿ ಯಾರನ್ನೂ ತೆಗೆಯಲಿಲ್ಲ. 2024ರ ಬೇಸಿಗೆಯಲ್ಲಿ ಮುಂಬಯಿಯಿಂದ ಆಲ್ಬರ್ಟೊ ನೊಗೆರಾ ಮತ್ತು ಹೋರ್ಗೆ ಪೆರೇರಾ ದಿಯಾಸ್ ಬಂದರು. ಅವರ ಜೊತೆಗೆ, 2019ರ ಆ ಗೋಲು ಹೊಡೆದ ರಾಹುಲ್ ಭೆಕೆ ಮರಳಿ ಮನೆಗೆ ಬಂದರು. ಹೊಸ ಋತುವಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಏಕೈಕ ಗೋಲು ಹೊಡೆದವರು ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ವಿನೀತ್ ವೆಂಕಟೇಶ್. ತಂಡ ಲೀಗಿನಲ್ಲಿ ಮೂರನೆಯದಾಗಿ, ನಲವತ್ತರ ಚೆಟ್ರಿ 14 ಗೋಲು ಹೊಡೆದು, 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗಾನ್‌ಗೆ 1–2ರಿಂದ ಮಣಿಯಿತು. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಕ್ಲಬ್ಬು ನಡೆಸುವ ವಸತಿ ಅಕಾಡೆಮಿಯನ್ನೂ ಮೀಸಲು ತಂಡವನ್ನೂ ಈ ಎಲ್ಲ ಏರಿಳಿತದಲ್ಲಿ ಮುಚ್ಚದೆ ಇಟ್ಟದ್ದರ ಬೆಲೆ ಇಲ್ಲಿ ಕಾಣುತ್ತದೆ. ರೋಷನ್ ಸಿಂಗ್ 2021–22ರಲ್ಲಿ, ಶಿವಶಕ್ತಿ ನಾರಾಯಣನ್ 2022–23ರಲ್ಲಿ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದದ್ದು, ಅಂದರೆ ತಂಡ ಅತ್ಯಂತ ಅಸ್ಥಿರವಾಗಿದ್ದ ಎರಡು ವರ್ಷಗಳಲ್ಲಿ ಹೊಸ ಚಿಗುರು ಹೊರಬಂದದ್ದು, ಕೋಚ್ ಕುರ್ಚಿಗೆ ಸಂಬಂಧಿಸಿದ ಘಟನೆಯಲ್ಲ. ಆ ಕುರ್ಚಿ ಅಲುಗಿದಾಗಲೂ ಅಲುಗದ ನೆಲಕ್ಕೆ ಸಂಬಂಧಿಸಿದ್ದು.

ಹಳೆಯ ಗರಡಿಯ ರೂಢಿ ಹೊಸ ಲೀಗಿನೊಳಗೆ ಬಹುಕಾಲ ಉಳಿದ ಉದಾಹರಣೆಯೊಂದು ಕಬಡ್ಡಿಯಲ್ಲಿದೆ. ಬೆಂಗಳೂರು ಬುಲ್ಸ್ ತಂಡಕ್ಕೆ ಪ್ರೊ ಕಬಡ್ಡಿ ಲೀಗಿನ 2014ರ ಮೊದಲ ಋತುವಿನಿಂದ 2024ರ ಹನ್ನೊಂದನೆಯ ಋತುವಿನವರೆಗೆ ರಣಧೀರ್ ಸಿಂಗ್ ಸೆಹ್ರಾವತ್ ಕೋಚ್ ಆಗಿದ್ದರು. 2019ರ ಜನವರಿ 5ರಂದು ಗುಜರಾತ್ ವಿರುದ್ಧ 38–33ರಿಂದ ಗೆದ್ದ ಪ್ರಶಸ್ತಿ ಅವರ ಕಾಲದ್ದು. ತಂಡ ಪಟ್ಟಿಯ ತಳ ಮುಟ್ಟಿದ ಹನ್ನೊಂದನೆಯ ಋತುವಿನ ಬಳಿಕ ಆ ದೀರ್ಘ ಅಧ್ಯಾಯ ಮುಗಿದು, ಕರ್ನಾಟಕದವರೇ ಆದ ಬಿ.ಸಿ. ರಮೇಶ್ 2025ರಲ್ಲಿ ಬಂದರು. ಅದಕ್ಕೆ ಮೊದಲು ಅವರು ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ತಂಡಗಳಿಗೆ ಪ್ರಶಸ್ತಿ ಗೆದ್ದುಕೊಟ್ಟಿದ್ದರು.

ಕೋಚಿಂಗ್ ಈಗ ಬೆಂಗಳೂರಿನಲ್ಲಿ ಕಲಿತು, ಪರೀಕ್ಷೆ ಬರೆದು ಹಿಡಿಯುವ ಕಸುಬು. ಅದರ ಭೂಪಟದಲ್ಲಿ ನಗರದ ಉತ್ತರ ಭಾಗಕ್ಕೆ ದೊಡ್ಡ ಜಾಗ ಸಿಕ್ಕಿದೆ. ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕದ ಕಡೆಗೆ ಸಾಗಿದರೆ, 2017ರಲ್ಲಿ ಆರಂಭವಾದ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರವೂ, ಅದಕ್ಕೂ ಆಚೆ ವಿಮಾನನಿಲ್ದಾಣದ ದಿಕ್ಕಿನಲ್ಲಿ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ, 40 ಎಕರೆಯಲ್ಲಿ ಮೂರು ಮೈದಾನಗಳಿರುವ ಬಿಸಿಸಿಐ ಕ್ರಿಕೆಟ್ ಕೇಂದ್ರವೂ ಸಿಗುತ್ತವೆ. ಇವುಗಳ ನೆರಳಿನಾಚೆ, ಆರ್.ಟಿ. ನಗರ, ಸಹಕಾರನಗರ, ಯಲಹಂಕ ಉಪನಗರಗಳ ಸುತ್ತ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ‘ಟರ್ಫ್’ಗಳೆಂಬ ಕೃತಕ ಹುಲ್ಲಿನ ಅಂಗಳಗಳಿವೆ. ಸಂಜೆ ಐದಕ್ಕೆ ಬಲೆ ಕಟ್ಟಿದ ಆ ಆವರಣದೊಳಗೆ, ಎಂಟು ಹತ್ತರ ಮಕ್ಕಳ ಮುಂದೆ ಕಿತ್ತಳೆ ಬಣ್ಣದ ಕೋನ್‌ಗಳನ್ನು ಅಳತೆಯ ಹೆಜ್ಜೆಯಲ್ಲಿ ಜೋಡಿಸುತ್ತ, ಬಿಚ್ಚಿಹೋದ ಶೂ ದಾರವನ್ನು ಮಂಡಿಯೂರಿ ಕಟ್ಟುತ್ತ, ಹೊರಗೆ ಸ್ಕೂಟರ್ ಮೇಲೆ ಕುಳಿತು ಕಾಯುವ ತಂದೆತಾಯಂದಿರಿಗೆ ಮಗುವಿನ ಪ್ರಗತಿ ಹೇಳುತ್ತ ದುಡಿಯುವ ಯುವಕ ಯುವತಿಯರು ಕೋಚ್ ವೃತ್ತಿಯ ಏಣಿಯ ಮೊದಲ ಮೆಟ್ಟಿಲಲ್ಲಿರುವವರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೊಡುವ ‘ಡಿ’ ಪರವಾನಗಿಯಿಂದ ‘ಸಿ’, ‘ಬಿ’, ‘ಎ’ಗಳನ್ನು ದಾಟಿ ‘ಪ್ರೊ’ ಪರವಾನಗಿ ಪಡೆಯಲು ಹಲವು ವರ್ಷಗಳ ಅಭ್ಯಾಸ, ಪರೀಕ್ಷೆ, ಖರ್ಚು ಬೇಕು. ಆ ತುದಿಯನ್ನು ಮುಟ್ಟಿದವರಿಗೂ ದೊಡ್ಡ ಕ್ಲಬ್ಬುಗಳ ಮುಖ್ಯ ಹುದ್ದೆ ಸುಲಭವಾಗಿ ದಕ್ಕುವುದಿಲ್ಲ. ಬೆಂಗಳೂರು ಎಫ್‌ಸಿಯ ಮೇಲಿನ ಚರಿತ್ರೆಯಲ್ಲಿ ಭಾರತೀಯನೊಬ್ಬನ ಹೆಸರು ಹಂಗಾಮಿಯಾಗಿಯೇ ಬಂದಿದೆ ಎಂಬುದನ್ನು ಗಮನಿಸದೆ ಇರಲಾಗದು. ವಜಾ ಆದ ವಿದೇಶಿ ಕೋಚ್ ಬೇರೊಂದು ದೇಶದ ಬೇರೊಂದು ಕ್ಲಬ್ಬಿಗೆ ಹೋಗುತ್ತಾನೆ. ಇಲ್ಲಿನವನು ಹೋಗಬಹುದಾದ ಕ್ಲಬ್ಬುಗಳು ಬೆರಳೆಣಿಕೆಯವು, ಹಿಂದೆ ಆತನನ್ನು ಮರಳಿ ಕರೆದುಕೊಳ್ಳುತ್ತಿದ್ದ ಕಾರ್ಖಾನೆಯ ಮೇಜು ಈಗ ಇಲ್ಲ.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿತು. ಹೆಸರು ಮೈಸೂರು ಎಂದಿದ್ದಾಗಿನ 1968–69ರ ಗೆಲುವಿನ 54 ವರ್ಷಗಳ ಬಳಿಕ ಬಂದ ಆ ಟ್ರೋಫಿಯನ್ನು ತಂದ ತಂಡದ ಕೋಚ್ ರವಿ ಬಾಬು ರಾಜು. ಆಟಗಾರರಲ್ಲಿ ಹೆಚ್ಚಿನವರು ಬೆಂಗಳೂರು ಲೀಗಿನ ಕ್ಲಬ್ಬುಗಳಿಂದ ಬಂದವರು. ಅದೇ ತಿಂಗಳ ಮೂರನೆಯ ವಾರದಲ್ಲಿ ಬೆಂಗಳೂರು ಎಫ್‌ಸಿ ಗೋವಾದ ಫೈನಲ್‌ನಲ್ಲಿ ಪೆನಾಲ್ಟಿ ಕೈಚೆಲ್ಲಿ ಸೋತಾಗ ಊರಿಗೆ ಊರೇ ನಿದ್ದೆಗೆಟ್ಟಿತು. ರಿಯಾದ್‌ನಿಂದ ಟ್ರೋಫಿ ಹಿಡಿದು ಬಂದ ಹುಡುಗರು ಆ ವೇಳೆಗೆ ತಮ್ಮ ತಮ್ಮ ಕ್ಲಬ್ಬುಗಳ ಅಭ್ಯಾಸಕ್ಕೆ ಮರಳಿದ್ದರು.